ಮೇಲ್ ಮಾತ್ರ ಬರಲಿ

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಬೆಕ್ಕು. ಅದು ಆ ಆಫೀಸಿನ ಬೆಕ್ಕಲ್ಲ, ಆ ಬೀದಿಯದೂ ಅಲ್ಲ. ಎಲ್ಲಿಯದೋ ಬೆಕ್ಕು. ಯಾರದೋ ಮನೆಯ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಬಹಳ ಗಂಭೀರವಾಗಿ ನಡೆದುಹೋಗುತ್ತ ಕಾಲು ಜಾರಿ ನೀರಿಗೆ ಬಿದ್ದು, ಬಿದ್ದದ್ದು ತಾನಲ್ಲವೇ ಅಲ್ಲ ಎಂಬ ಮುಖ ಮಾಡಿಕೊಂಡು ಎದ್ದು ಬಂದಿತ್ತು. ಅದನ್ನು ಯಾರೋ ಪುಣ್ಯಾತ್ಮರು ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದರು.

ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಒಂದು ಪುಟ್ಟ ಕಾರ್ಖಾನೆ. ಅದರ ಆಫೀಸಿನಲ್ಲಿ, ಫೋನಿನ ಹುಡುಗಿಯ ಕಂಪ್ಯೂಟರಿನ ಮುಂದೆ ಗುಂಪುಗೂಡಿ, ಬೆಕ್ಕು ಮತ್ತೆ ಮತ್ತೆ ನೀರಿಗೆ ಬೀಳುವುದನ್ನು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಹಿಂದೆ ಮೇಡಂ ಬಂದು ನಿಂತರು. ಅದರ ಮುಂದಿನ ಸಲ ಬೆಕ್ಕು ಬಿದ್ದಾಗ ಯಾರೂ ನಗಲಿಲ್ಲ.

ಮೇಡಂ ಕೈಯಲ್ಲಿ ಒಂದು ಹಲ್ಲಿನ ಸೆಟ್ ಇತ್ತು. ಎಲ್ಲರ ಪರವಾಗಿ ಅದೊಂದೇ ನಗುತ್ತಿತ್ತು.

"ಈ ಹಲ್ಲು ಇಷ್ಟು ಬಿಳಿ ಬೇಡ, ಸ್ವಲ್ಪ ಮಾಸಲು ಬಣ್ಣ ಇರಲಿ ಅಂತ ಡಾಕ್ಟರು ಮೇಲ್ ಕಳಿಸಿದಾರೆ. ಯಾರೂ ತೆಗೆದೇ ನೋಡಿಲ್ಲ. ಪಾಪ, ವಯಸ್ಸಾದ ಮೇಷ್ಟ್ರು. ಹಾಕ್ಕೊಂಡು ನಕ್ಕರೆ ಮೊಮ್ಮಗು ಕಿಟಾರನೆ ಕಿರುಚಿಕೊಳ್ತಂತೆ."

ಪರದೆಯ ಮೇಲೆ ಬೆಕ್ಕು ಮತ್ತೊಮ್ಮೆ ತೊಟ್ಟಿಯ ಅಂಚು ಹತ್ತಿತು.

ಮೇಡಂ ಕೆಟ್ಟವರೇನಲ್ಲ. ಮೊಬೈಲುಗಳನ್ನೆಲ್ಲ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಹಾಕಿ ಒಳಗೆ ಬರಬೇಕು ಎಂದು ಕಟ್ಟಳೆ ಮಾಡಿದವರು ಅವರೇ. ಆದರೆ ದಿನವೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಮ್ಮ ಮೊಬೈಲನ್ನು ಅದರಲ್ಲಿ ಹಾಕುತ್ತಿದ್ದವರೂ ಅವರೇ. ಅಂಥವರಿಗೆ ಸಿಟ್ಟು ಬಂದರೆ ಎದುರು ಮಾತಾಡಲು ಯಾರಿಗೂ ಬಾಯಿ ಬರುವುದಿಲ್ಲ.

"ಇಂಜಿನಿಯರ್ರೇ," ಎಂದರು ಮೇಡಂ.

ಗುಂಪಿನ ಕೊನೆಯಲ್ಲಿ ನಿಂತು, ಬೆಕ್ಕನ್ನು ಇನ್ನೂ ಸರಿಯಾಗಿ ನೋಡಲೂ ಆಗದೆ ಕತ್ತು ಚಾಚುತ್ತಿದ್ದವನು ಬೆಚ್ಚಿಬಿದ್ದ. ಅವನು ಇಂಜಿನಿಯರನಲ್ಲ. ಉಗ್ರಾಣದವನು. ಅಚ್ಚು ತೆಗೆಯುವ ಪ್ಲಾಸ್ಟರ್ ಚೀಲ, ಮೇಣದ ಹಾಳೆ, ಹಲ್ಲುಗಳ ಡಬ್ಬಿ ಇವುಗಳನ್ನು ಎಣಿಸಿ ಇಡುವುದು, ಎಣಿಸಿ ಕೊಡುವುದು ಅವನ ಕೆಲಸ. ಒಮ್ಮೆ ಯಾರಿಂದಲೂ ಸರಿಹೋಗದಿದ್ದ ಪ್ರಿಂಟರನ್ನು ಅವನು ಬೇಸರದಿಂದ ಒಂದು ಗುದ್ದು ಗುದ್ದಿದ್ದ. ಅದು ಓಡಲು ಶುರುಮಾಡಿತು. ಅಂದಿನಿಂದ ಅವನು ಇಂಜಿನಿಯರ್. ಕಂಪ್ಯೂಟರ್ ನಿಂತರೂ ಅವನೇ, ಫ್ಯಾನು ನಿಂತರೂ ಅವನೇ. ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಅವನು ಕಾಯಂ ಮಾತ್ರ ಆಗಿರಲಿಲ್ಲ.

"ನಾಳೆಯಿಂದ ಇಲ್ಲಿ ಮೇಲ್ ಮಾತ್ರ ಬರಲಿ. ಬೆಕ್ಕು, ನಾಯಿ, ಸಿನಿಮಾ, ಹಾಡು, ಏನೂ ಬರಬಾರದು. ಅದಕ್ಕೇನೋ ಫೈರ್‌ವಾಲ್ ಅಂತಾರಲ್ಲ, ನಮ್ಮ ಹತ್ರ ಇದೆಯಾ?"

"ಇದೆ ಮೇಡಂ. ಉಗ್ರಾಣದಲ್ಲಿ, ಪ್ಲಾಸ್ಟರ್ ಚೀಲದ ಮೇಲಿನ ಹಲಗೆ ಮೇಲೆ ಕೂತಿದೆ. ಆದರೆ ಅದರ ಕೆಲಸ ನನಗೆ..."

"ಇವತ್ತು ಸಂಜೆ ಹೆಡ್ಡಾಫೀಸಿಗೆ ಕಾಯಂ ಮಾಡೋರ ಹೆಸರು ಕಳಿಸಬೇಕು. ಅವರು ಬಾಗಿಲು ಹಾಕೋದರೊಳಗೆ ಮೇಲ್ ಅಲ್ಲಿರಬೇಕು. ಈ ಕೆಲಸ ಅಷ್ಟರಲ್ಲಿ ಮುಗಿದರೆ ನಿಮ್ಮ ಹೆಸರೇ ಬರೀತೀನಿ. ಆಗುತ್ತಾ?"

ಆಗಲ್ಲ ಎಂದು ಹೇಳಲು ಬಾಯಿ ತೆರೆದ ಉಗ್ರಾಣದವನು, "ಆಗುತ್ತೆ ಮೇಡಂ," ಎಂದ.

ಹಾಗೆ ಹೇಳಲು ಕಾರಣ ಮನೆಯಲ್ಲಿತ್ತು. ಈ ಸಲ ಕಾಯಂ ಆಗಬಹುದು ಎಂದು ಅವನು ಹೆಂಡತಿಯ ಕಿವಿಯಲ್ಲಿ ಹೇಳಿದ್ದ. ಹೆಂಡತಿ ತನ್ನ ತಾಯಿಯ ಕಿವಿಯಲ್ಲಿ ಹೇಳಿದ್ದಳು. ಅತ್ತೆಯ ಬಾಯಿಂದ ಹೊರಟಾಗ "ಆಗಬಹುದು" ಎಂಬುದು "ಆಯಿತು" ಎಂದಾಗಿತ್ತು. ಅಳಿಯಂದಿರು ಕಾಯಂ ಆದರೆಂದು ಆಕೆ ಬಂಧುಗಳನ್ನೆಲ್ಲ ಅವತ್ತೇ ರಾತ್ರಿಯ ಊಟಕ್ಕೆ ಕರೆದೂ ಆಗಿತ್ತು.

ಫೈರ್‌ವಾಲ್ ಎಂಬುದು ಒಂದು ಕಪ್ಪು ಡಬ್ಬಿ. ಮೇಲೆ ಸಾಲಾಗಿ ಹಸಿರು ದೀಪಗಳು. ಉಗ್ರಾಣದ ಕಂಪ್ಯೂಟರಿನಲ್ಲಿ ಅದರ ಪುಟವನ್ನು ತೆರೆದರೆ, ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಒಂದರ ಕೆಳಗೊಂದು ಅಪ್ಪಣೆ ಬರೆಯಬಹುದಿತ್ತು. ಇಷ್ಟೇ ತಾನೇ ಎಂದುಕೊಂಡು ಅವನು ಮೊದಲ ಸಾಲಿನಲ್ಲಿ "ಏನನ್ನೂ ಬಿಡಬೇಡ" ಎಂದೂ ಎರಡನೆಯದರಲ್ಲಿ "ಮೇಲ್ ಬಿಡು" ಎಂದೂ ಅಪ್ಪಣೆ ಕೊಟ್ಟ.

ಬೆಕ್ಕು ತೊಟ್ಟಿಯ ಅಂಚಿನಲ್ಲಿ ಒಂದು ಕಾಲೆತ್ತಿಕೊಂಡು ಹಾಗೇ ನಿಂತುಬಿಟ್ಟಿತು. ಇಂಟರ್ನೆಟ್ ಹೋಯಿತು. ಅದರ ಜೊತೆಗೆ ಮೇಲ್ ಕೂಡ ಹೋಯಿತು.

ಆ ಡಬ್ಬಿ ಬಹಳ ವಿಧೇಯ ಕಾವಲುಗಾರ. ಅಪ್ಪಣೆಗಳನ್ನು ಮೇಲಿನಿಂದ ಓದುತ್ತದೆ, ತನ್ನ ಮುಂದೆ ನಿಂತವನಿಗೆ ಸಂಬಂಧಪಟ್ಟ ಮೊದಲ ಸಾಲು ಸಿಕ್ಕಿದ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. ಏನನ್ನೂ ಬಿಡಬೇಡ ಎಂದು ಮೊದಲೇ ಹೇಳಿದ ಮೇಲೆ ಮುಂದೆ ಓದುವುದೇನಿದೆ? ಇದು ತಿಳಿಯುವಷ್ಟರಲ್ಲಿ ಉಗ್ರಾಣದವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಸಾಲುಗಳನ್ನು ಹಿಂದುಮುಂದು ಮಾಡಿದ. ಆದರೂ ಮೇಲ್ ಬರಲಿಲ್ಲ. ಗಾಬರಿಯಿಂದ ಡಬ್ಬಿ ಮಾಡಿದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿಸಿದ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಜೇನಿನಂಥ ದನಿಯೊಂದು, "ಹೆಚ್ಚಿನ ಸಹಾಯಕ್ಕೆ ದಯವಿಟ್ಟು ನಮ್ಮ ವೆಬ್‌ಸೈಟ್ ನೋಡಿ," ಎಂದಿತು.

ವೆಬ್‌ಸೈಟ್ ನೋಡಬೇಕಾದರೆ ಇಂಟರ್ನೆಟ್ ಬಿಡಬೇಕು. ಅವನು ಸ್ವಲ್ಪ ಹೊತ್ತಿನ ಮಟ್ಟಿಗೆ ಎಲ್ಲವನ್ನೂ ಒಳಗೆ ಬಿಟ್ಟ.

"ಬಂತು! ಬಂತು!" ಎಂದು ಹೊರಗೆ ಹರ್ಷೋದ್ಗಾರ ಎದ್ದಿತು. ಬೆಕ್ಕು ನೀರಿಗೆ ಬಿದ್ದ ಸದ್ದೂ ಕೇಳಿಸಿತು. ಮೇಡಂ ಕೋಣೆಯ ಬಾಗಿಲು ಕಿರ್ ಎಂದಿತು. ಅವನು ಮೂರು ಸಾಲು ಓದಿದ್ದನೋ ಇಲ್ಲವೋ, ಮತ್ತೆ ಎಲ್ಲವನ್ನೂ ಮುಚ್ಚಿದ.

ಆ ಮೂರು ಸಾಲಿನಲ್ಲಿ ತಿಳಿದದ್ದು ಇಷ್ಟು: ಮೇಲ್ ಕೂಡ ತಾನು ಹೋಗಬೇಕಾದ ಮನೆಯ ವಿಳಾಸವನ್ನು ಹೊರಗೆ ಯಾರನ್ನೋ ಕೇಳಿ ತಿಳಿದುಕೊಳ್ಳುತ್ತದೆ. ಅವನು ಅಂಚೆಯವನನ್ನು ಬಿಟ್ಟಿದ್ದ, ಆದರೆ ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಕೂಡದು ಎಂದುಬಿಟ್ಟಿದ್ದ. ಅದಕ್ಕೂ ಒಂದು ಅಪ್ಪಣೆ ಬರೆದ. ಮೇಲ್ ಬರಲು ಶುರುವಾಯಿತು. ಬೆಳಗಿನಿಂದ ಹೊರಗೆ ಕಾದು ನಿಂತಿದ್ದ ಡಾಕ್ಟರುಗಳ ಮೇಲ್‌ಗಳೆಲ್ಲ ದಡದಡನೆ ಒಳಗೆ ನುಗ್ಗಿದವು. ಆದರೆ ಉತ್ತರ ಕೊಟ್ಟರೆ ಒಂದೂ ಹೊರಗೆ ಹೋಗಲಿಲ್ಲ. ಬರುವ ಬಾಗಿಲು ಬೇರೆ, ಹೋಗುವ ಬಾಗಿಲು ಬೇರೆಯಂತೆ.

ಅಷ್ಟರಲ್ಲಿ ಫೋನಿನ ಹುಡುಗಿ ಉಗ್ರಾಣಕ್ಕೆ ಬಂದಳು.

"ನಿಮ್ಮ ಮನೆಯವರು ಫೋನ್ ಮಾಡಿದ್ರು. ಆಯ್ತಾ ಅಂತ ಕೇಳಿದ್ರು."

"ಏನು ಹೇಳಿದ್ರಿ?"

"ಆಗ್ತಾ ಇದೆ ಅಂದೆ. ಆಗದೇ ಇದ್ರೂ ಪರವಾಗಿಲ್ಲ, ಆದರೆ ಆಗಲಿ ಅಂದ್ರು. ಹಿಂದೆ ನಿಮ್ಮ ಅತ್ತೆ, ಭಾವನವರಿಗೆ ಕುರ್ಚಿ ಸಾಲದು, ಪಕ್ಕದ ಮನೆಯಿಂದ ತರಿಸು ಅಂತಿದ್ರು." ಆಮೇಲೆ ಅವಳು ದನಿ ತಗ್ಗಿಸಿದಳು. "ನೋಡಿ, ನಮ್ಮಕ್ಕನ ಮದುವೆಗೆ ನಾನೇ ಗೌನ್ ಹೊಲೀತಾ ಇದೀನಿ. ವಿಡಿಯೋ ನೋಡ್ಕೊಂಡು. ಒಂದು ತೋಳು ಆಗಿದೆ. ಇನ್ನೊಂದು ತೋಳಿನ ವಿಡಿಯೋ ನೋಡೋದರೊಳಗೆ ನೀವು..."

"ಮೊದಲನೇ ತೋಳು ಹೊಲಿದ ಹಾಗೇ ಎರಡನೆಯದೂ ಹೊಲೀರಿ."

"ಅದು ಹೇಗಾಗುತ್ತೆ? ಅದು ಬಲ, ಇದು ಎಡ. ಒಂದೇ ತೋಳಿನ ಗೌನ್ ಹಾಕ್ಕೊಂಡು ಮದುವೆ ಆಗ್ತಾಳಾ ನಮ್ಮಕ್ಕ?"

ಉಗ್ರಾಣದವನಿಗೆ ಸಂಕಟವಾಯಿತು. ಅಕ್ಕ ಎಂದರೆ ಅವನಿಗೂ ಒಬ್ಬಳಿದ್ದಳು. "ಆಗಲ್ಲಮ್ಮ," ಎಂದು ಗೋಡೆಯ ಕಡೆ ನೋಡಿ ಹೇಳಿದ. ಕಣ್ಣು ಸ್ವಲ್ಪ ತೇವವಾಗಿತ್ತು. ಅದು ಪ್ಲಾಸ್ಟರ್ ಪುಡಿಯಿಂದ ಎಂದು ಅವನು, ಅಲ್ಲ ಎಂದು ಹುಡುಗಿ ತಿಳಿದುಕೊಂಡರು.

ಅವಳು ಹೋದ ಹಿಂದೆಯೇ ಲೆಕ್ಕದ ಅಕ್ಕ ಬಂದರು. ಅವರು ಬರುವಾಗ ಒಂದು ದಿಂಬು ತಂದಿದ್ದರು. "ಆ ಮುರುಕು ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿರ್ತೀಯಪ್ಪಾ, ಇದನ್ನ ಹಾಕ್ಕೋ," ಎಂದು ತಾವೇ ಹಾಕಿ ಅವನನ್ನು ಕೂರಿಸಿದರು.

"ನಿಮಗೇನು ಬೇಕು ಅಕ್ಕಾ?" ಎಂದ, ಕೂತ ಮೇಲೆ.

"ಏನಿಲ್ಲಪ್ಪ. ಮಳೆ ಬರುತ್ತಾ ಅಂತ ನೋಡೋ ನಕ್ಷೆ ಇದೆಯಲ್ಲ, ಅದೊಂದು. ಮಹಡಿ ಮೇಲೆ ಬಟ್ಟೆ ಒಣಹಾಕಿ ಬಂದಿದೀನಿ. ಮೋಡ ಹತ್ರ ಬಂದ್ರೆ ಪಕ್ಕದ ಮನೆಯವರಿಗೆ ಫೋನ್ ಮಾಡಿ ತೆಗೆಸ್ತೀನಿ."

"ಕಿಟಕಿಯಿಂದ ನೋಡಬಹುದಲ್ಲ ಅಕ್ಕಾ."

"ಕಿಟಕೀಲಿ ಈ ಬೀದಿ ಆಕಾಶ ಕಾಣುತ್ತೆ. ನಮ್ಮ ಬೀದೀದು ಕಾಣುತ್ತಾ?"

ಅವನು ಆಗಲ್ಲ ಎಂದ. ದಿಂಬು ವಾಪಸ್ ಕೊಡಲು ಎದ್ದ. "ಇರಲಿ ಬಿಡು, ದಿಂಬೇನು ತಪ್ಪು ಮಾಡ್ತು," ಎಂದು ಅಕ್ಕ ಹೋದರು. ಅದಾದ ಮೇಲೆ ಆ ದಿಂಬಿನ ಮೇಲೆ ಕೂರುವುದು ಅವನಿಗೆ ಮುಳ್ಳಿನ ಮೇಲೆ ಕೂತಂತಾಯಿತು.

ಏನೂ ಕೇಳದೆ ಹೋದವರು ಪಾಲಿಶ್ ಅಣ್ಣ ಒಬ್ಬರೇ. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಿರಿಯರು. ಹಲ್ಲುಗಳಿಗೆ ಹೊಳಪು ಕೊಡುವುದು ಅವರ ಕೆಲಸ. ಪಕ್ಕದ ಕಂಪ್ಯೂಟರಿನಿಂದ ಹಳೆಯ ಹಾಡು ಕೇಳಿಸುತ್ತಿದ್ದರೆ ಕೆಲಸದಲ್ಲಿ ಅವರ ಕೈ ತಾನಾಗಿ ಓಡುತ್ತಿತ್ತು. ಅವತ್ತು ಹಾಡಿರಲಿಲ್ಲ. ಅವರು ಒಂದು ಲೋಟ ಚಹಾ ತಂದು ಅವನ ಮುಂದಿಟ್ಟರು.

"ಅಣ್ಣಾ, ನಿಮ್ಮ ಹಾಡು..." ಎಂದು ಅವನೇ ಶುರುಮಾಡಿದ.

"ನಂಗೇನೂ ಬೇಡಪ್ಪ. ನೀನು ಚಹಾ ಕುಡಿ. ಬೆಳಿಗ್ಗೆಯಿಂದ ಬಾಯಿಗೆ ನೀರು ಹಾಕಿಲ್ಲ ನೀನು." ಬಾಗಿಲವರೆಗೆ ಹೋಗಿ ತಿರುಗಿ, "ಹಾಡು ನನಗೆ ಬಾಯಿಗೇ ಬರುತ್ತೆ. ಶ್ರುತಿ ಇಲ್ಲ ಅಷ್ಟೆ," ಎಂದರು. ಸ್ವಲ್ಪ ಹೊತ್ತಿನಲ್ಲಿ ಪಾಲಿಶ್ ಕೋಣೆಯಿಂದ ಅವರ ಹಾಡು ಕೇಳಿಸಿತು. ಅವರು ಹೇಳಿದ್ದು ನಿಜವಾಗಿತ್ತು.

ಮಧ್ಯಾಹ್ನದ ಊಟದ ಡಬ್ಬಿಗಳೆಲ್ಲ ಮುಚ್ಚಿದ ಮೇಲೆ, ಒಂದು ಅಪ್ಪಣೆ ಸೇರಿಸಿ, ಒಂದನ್ನು ತೆಗೆದು, ಇನ್ನೊಂದನ್ನು ಮೇಲಕ್ಕೆ ಹತ್ತಿಸಿ, ಕೊನೆಗೊಮ್ಮೆ ಮೇಲ್ ಹೊರಗೂ ಹೋಯಿತು. ಬೇರೆ ಏನೂ ಹೋಗಲಿಲ್ಲ, ಬರಲಿಲ್ಲ. ಅವನು ಮತ್ತೆ ಮತ್ತೆ ಪರೀಕ್ಷೆ ಮಾಡಿದ. ಬೆಕ್ಕಿನ ಜಾಗದಲ್ಲಿ ಬರಿಯ ಬಿಳಿ ಪರದೆ. ಡಾಕ್ಟರುಗಳಿಗೆ ಉತ್ತರ ತಲುಪಿತೆಂದು ಅವರಿಂದ ಉತ್ತರ ಬಂತು. ಅವನಿಗೆ ನಂಬಿಕೆಯೇ ಬರದೆ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿದ. ಜ್ವರ ಬಿಟ್ಟ ಮಗುವಿನ ಹಣೆಯಂತೆ ಬೆಚ್ಚಗಿತ್ತು.

"ಇಂಜಿನಿಯರ್ರೇ, ಮೇಡಂ ಕರೀತಿದಾರೆ," ಎಂದು ಹುಡುಗಿ ಕೂಗಿದಳು.

ಒಳಗೆ ಹೋದ. ಮೇಡಂ ಎದ್ದು ಬಂದು ಅವನ ಹಿಂದೆ ಬಾಗಿಲು ಮುಚ್ಚಿದರು.

"ಕೂತ್ಕೊಳ್ಳಿ."

ಆ ಕುರ್ಚಿಯಲ್ಲಿ ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅಂಚಿನಲ್ಲಿ ಕೂತ.

"ಒಳ್ಳೆ ಕೆಲಸ ಮಾಡಿದೀರಿ. ಮೇಲ್ ಬರ್ತಿದೆ, ಹೋಗ್ತಿದೆ." ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನಮ್ಮನೇಲಿ ಒಂದು ನಾಯಿ ಇದೆ."

"ಹೌದಾ ಮೇಡಂ," ಎಂದ.

"ತುಂಬಾ ವಯಸ್ಸಾಗಿದೆ. ಕಿವಿ ಕೇಳಿಸಲ್ಲ. ನಾನು ಬೆಳಿಗ್ಗೆ ಮನೆಯಿಂದ ಹೊರಡೋವಾಗ ಮಲಗಿದ್ದು, ಸಂಜೆ ವಾಪಸ್ ಹೋದಾಗಲೂ ಮಲಗೇ ಇರುತ್ತೆ. ಉಸಿರಾಡ್ತಿದೆಯೋ ಇಲ್ಲವೋ ಅಂತ..." ಅವರು ಕಿಟಕಿಯ ಕಡೆ ನೋಡಿದರು. "ಮನೇಲಿ ಒಂದು ಕ್ಯಾಮರಾ ಇಟ್ಟಿದೀನಿ. ಮಧ್ಯಾಹ್ನ ಒಂದ್ಸಲ ಈ ಕಂಪ್ಯೂಟರಿನಲ್ಲಿ ನೋಡ್ತೀನಿ. ಅಷ್ಟೆ. ಇವತ್ತು ನೋಡೋಕೆ ಆಗಿಲ್ಲ."

ಉಗ್ರಾಣದವನು ಮೊದಲ ಬಾರಿಗೆ ಮೇಡಂ ಮುಖವನ್ನು ನೇರವಾಗಿ ನೋಡಿದ. ಅಲ್ಲಿ ಇದ್ದದ್ದು ಬೆಳಗಿನಿಂದ ತನಗಿದ್ದ ದಿಗಿಲೇ.

"ನನ್ನ ಕಂಪ್ಯೂಟರಿಗೆ ಮಾತ್ರ ಒಂದು ಸಣ್ಣ ದಾರಿ ಬಿಡೋಕಾಗುತ್ತಾ? ಯಾರಿಗೂ ಗೊತ್ತಾಗಬಾರದು. ಬೆಳಿಗ್ಗೆ ಅಷ್ಟು ಕೂಗಾಡಿ, ಈಗ ನಾನೇ ನಾಯಿ ನೋಡ್ತಾ ಕೂತಿದೀನಿ ಅಂತ ತಿಳಿದರೆ ನನ್ನ ಮಾತು ಯಾರು ಕೇಳ್ತಾರೆ?"

"ಪ್ರಾಣ ಹೋದರೂ ಹೇಳಲ್ಲ ಮೇಡಂ," ಎಂದು ಅವನು ಓಡಿದ.

ಡಬ್ಬಿಯ ಪುಟದಲ್ಲಿ ಹೊಸ ಅಪ್ಪಣೆಗೆ ಮೂರು ಖಾನೆ. ಯಾರಿಗೆ, ಎಲ್ಲಿಗೆ, ಬಿಡಬೇಕೋ ತಡೆಯಬೇಕೋ. ಮೇಡಂ ಮನೆಯ ಕ್ಯಾಮರಾದ ವಿಳಾಸ ಅವನಿಗೆ ತಿಳಿಯದು. "ಎಲ್ಲಿಗೆ" ಎಂಬುದನ್ನು ಖಾಲಿ ಬಿಟ್ಟ. "ಯಾರಿಗೆ" ಎಂಬಲ್ಲಿ ಮೇಡಂ ಕಂಪ್ಯೂಟರಿನ ಗುರುತಿನ ಅಂಕಿ ಬರೆಯಲು ಬೆರಳೆತ್ತಿದಾಗ, "ನಿಮ್ಮನೆಯಿಂದ ಮತ್ತೆ ಫೋನು! ಚಿಕ್ಕಮ್ಮನವರು ಬಂದಾಯ್ತಂತೆ!" ಎಂದು ಹುಡುಗಿಯ ದನಿ ಕೇಳಿಸಿತು. ಅಂಕಿ ಬರೆಯುವುದು ಮರೆತುಹೋಯಿತು. "ಬಿಡು" ಎಂಬುದನ್ನು ಒತ್ತಿ, ಆ ಅಪ್ಪಣೆಯನ್ನು ಎಲ್ಲಕ್ಕಿಂತ ಮೇಲೆ ಏರಿಸಿ, ಮೇಡಂ ಕೋಣೆಗೆ ಓಡಿದ. ಖಾನೆ ಖಾಲಿ ಇದ್ದರೆ ಆ ಕಾವಲುಗಾರ ಅದನ್ನು "ಯಾರಿಗಾದರೂ, ಎಲ್ಲಿಗಾದರೂ" ಎಂದು ಓದಿಕೊಳ್ಳುತ್ತಾನೆ. ಇದು ಅವನಿಗೆ ಗೊತ್ತಿರಲಿಲ್ಲ.

ಪರದೆಯ ಮೇಲೆ ನಾಯಿ ಕಾಣಿಸಿತು. ಕಂದು ಬಣ್ಣದ್ದು, ಕಾರ್ಪೆಟ್ಟಿನ ಮೇಲೆ ಒಗೆದು ಹಾಕಿದ ಕಂಬಳಿಯಂತೆ ಬಿದ್ದುಕೊಂಡಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಅದರ ಹೊಟ್ಟೆಯನ್ನೇ ನೋಡಿದರು. ಹೊಟ್ಟೆ ಮೆಲ್ಲಗೆ ಏರಿತು. ಇಳಿಯಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

"ಎಷ್ಟು ನೆಮ್ಮದಿಯಾಗಿ ಮಲಗಿದೆ ಮೇಡಂ."

"ಹೂಂ," ಎಂದರು ಮೇಡಂ. "ಹೋಗಿ, ಒಂದು ಲೋಟ ನೀರು ಕುಡಿದು ಕೂತ್ಕೊಳ್ಳಿ. ಹೆಡ್ಡಾಫೀಸಿಗೆ ನಿಮ್ಮ ಹೆಸರು ಈಗಲೇ ಬರೀತೀನಿ."

ಉಗ್ರಾಣದವನು ಗಾಳಿಯಲ್ಲಿ ತೇಲಿಕೊಂಡು ಹೊರಗೆ ಬಂದ. ಲೆಕ್ಕದ ಅಕ್ಕ ಅವನನ್ನು ನೋಡಿ ಮುಗುಳ್ನಕ್ಕು, ತಮ್ಮ ಡಬ್ಬಿಯಲ್ಲಿ ಉಳಿದಿದ್ದ ಸಿಹಿಯನ್ನು ಅವನ ಅಂಗೈಗೆ ಹಾಕಿದರು. ಫೋನಿನ ಹುಡುಗಿ ಕೈ ಮುಗಿಯುವಂತೆ ಮಾಡಿ, ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಕಾಯಂ ಆದ ಸುದ್ದಿ ಇವರಿಗೆ ಆಗಲೇ ಹೇಗೆ ಮುಟ್ಟಿತು ಎಂದು ಅವನಿಗೆ ಆಶ್ಚರ್ಯವಾಯಿತು.

"ಎಲ್ಲಾ ಮೇಡಂ ದೊಡ್ಡ ಮನಸ್ಸು," ಎಂದ ಸಂಕೋಚದಿಂದ.

"ನೋಡೇ, ಎಷ್ಟು ಒಳ್ಳೆಯವನು! ಮಾಡಿದ್ದು ತಾನು ಅಂತ ಕೂಡ ಹೇಳಿಕೊಳ್ಳಲ್ಲ," ಎಂದು ಅಕ್ಕ ಹುಡುಗಿಗೆ ಹೇಳಿದರು.

ಆಗ ಪಾಲಿಶ್ ಕೋಣೆಯಿಂದ ಹಾಡು ತೇಲಿ ಬಂತು. ಶ್ರುತಿಬದ್ಧವಾಗಿತ್ತು. ಹಿಂದೆ ವಾದ್ಯಮೇಳವೂ ಇತ್ತು.

ಉಗ್ರಾಣದವನ ಬಾಯಲ್ಲಿದ್ದ ಸಿಹಿ ಅಲ್ಲೇ ನಿಂತಿತು. ಹುಡುಗಿಯ ಪರದೆಯತ್ತ ತಿರುಗಿದ. ಅಲ್ಲಿ ಯಾರದೋ ಎರಡು ಕೈಗಳು ಒಂದು ಗೌನಿನ ಎಡತೋಳನ್ನು ಹೊಲಿಯುತ್ತಿದ್ದವು. ಅಕ್ಕನ ಪರದೆಯ ಮಳೆ ನಕ್ಷೆಯಲ್ಲಿ ಹಸಿರು ಮೋಡವೊಂದು ನಿಧಾನವಾಗಿ ಅವರ ಬಟ್ಟೆಗಳ ಕಡೆ ಸರಿಯುತ್ತಿತ್ತು.

ಅವನು ಪಾಲಿಶ್ ಕೋಣೆಗೆ ಹಾರಿದ. "ಅಣ್ಣಾ, ಹಾಡು ನಿಲ್ಲಿಸಿ!"

"ಬಾರಪ್ಪ ಬಾ, ನೀನೇ ಬಂದಿದ್ದು ಒಳ್ಳೇದಾಯ್ತು." ಪಾಲಿಶ್ ಅಣ್ಣ ಕಂಪ್ಯೂಟರಿನ ಮುಂದೆ ಕೂತಿದ್ದರು. ಮುಖ ಹೊಸ ಹಲ್ಲಿನಂತೆ ಹೊಳೆಯುತ್ತಿತ್ತು. "ಇಷ್ಟು ವರ್ಷ ಆಯ್ತು, ಒಂದು ಮೇಲ್ ಬರೆದವನಲ್ಲ ನಾನು. ಇವತ್ತು ಬರೆದೆ, ನಿನಗೆ. ಒಂದೇ ಬೆರಳಲ್ಲಿ."

"ನನಗಾ?"

"ನಿನಗೇ. ನೀನು ಮಾಡಿದ ಉಪಕಾರಕ್ಕೆ. ಆದರೆ ಒಳ್ಳೆ ಮಾತನ್ನ ಎಲ್ಲರೂ ಕೇಳಲಿ ಅಂತ, ನಮ್ಮ ಹುಡುಗಿ ಒಂದು ವಿಳಾಸ ಕೊಟ್ಟಳು. ಅದನ್ನ ಹಾಕಿದರೆ ಇಡೀ ಆಫೀಸಿಗೆ ಹೋಗುತ್ತಂತೆ."

"ಇಡೀ ಆಫೀಸು ಅಂದರೆ... ಮೇಡಂಗೂ ಹೋಗುತ್ತೆ ಅಣ್ಣಾ! ಒತ್ತಬೇಡಿ!"

"ಆಗಲೇ ಒತ್ತಿದೆ," ಎಂದರು ಅಣ್ಣ, ಸ್ವಲ್ಪ ಪೆಚ್ಚಾಗಿ. "ಮೇಡಂ ಅದರಲ್ಲಿ ಇದಾರಾ? ಛೇ. ಇನ್ನೂ ಹೋಗಿಲ್ಲ ಅನ್ಸುತ್ತೆ, ಈ ಗೆರೆ ಓಡ್ತಾನೇ ಇದೆ. ಒಂದು ದೊಡ್ಡ ಗುಲಾಬಿ ಹೂವಿನ ಫೋಟೋ ಸೇರಿಸಿದೀನಿ, ಅದಕ್ಕೆ ತಡ."

ಆ ಕಂಪ್ಯೂಟರಿನ ತಂತಿ ಕಿತ್ತಿದ್ದರೆ ಮುಗಿಯುತ್ತಿತ್ತು. ಆದರೆ ಬೆಳಗಿನಿಂದ ಅವನ ತಲೆಯೊಳಗೆ ಇದ್ದದ್ದು ಒಂದೇ ಡಬ್ಬಿ. ಈ ಆಫೀಸಿನ ಮೇಲ್ ಪಕ್ಕದ ಮೇಜಿಗೆ ಹೋಗಬೇಕಾದರೂ ಒಮ್ಮೆ ಹೊರಗೆ ಹೋಗಿ ಸುತ್ತಿಕೊಂಡೇ ಒಳಗೆ ಬರಬೇಕು. ಹೊರಗಿನ ಬಾಗಿಲು ಮುಚ್ಚಿದರೆ ಸಾಕು! ಅವನು ಪ್ಲಾಸ್ಟರ್ ಚೀಲಗಳನ್ನು ಎಡವಿಕೊಂಡು ಉಗ್ರಾಣಕ್ಕೆ ನುಗ್ಗಿ, ಎಲ್ಲ ಅಪ್ಪಣೆಗಳಿಗಿಂತ ಮೇಲೆ, ಮೊಟ್ಟಮೊದಲ ಸಾಲಿನಲ್ಲಿ "ಮೇಲ್ ಬಿಡಬೇಡ" ಎಂದು ಬರೆದು ಒತ್ತಿದ.

"ನಿಂತುಬಿಡ್ತು!" ಎಂದು ಪಾಲಿಶ್ ಅಣ್ಣ ಕೂಗಿದರು.

ದಿಂಬಿನ ಮೇಲೆ ಕುಸಿದು ಕೂತು ಅವನು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. ಈಗ ಆ ಖಾಲಿ ಖಾನೆ ತುಂಬಿ ಮಿಕ್ಕ ಬಾಗಿಲುಗಳನ್ನು ಮುಚ್ಚಿ, ಅಣ್ಣನ ಮೇಲ್ ಅಳಿಸಿ, ಮತ್ತೆ ಮೇಲ್ ಬಿಟ್ಟರಾಯಿತು. ಕೈ ಚಾಚಿದ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಮೇಡಂ ತಮ್ಮ ಕೋಣೆಯಿಂದ ಉಗ್ರಾಣಕ್ಕೆ ಬರುವ ದಾರಿಯಲ್ಲಿ ಗೌನಿನ ತೋಳನ್ನು ನೋಡಿದ್ದರು. ಮೋಡವನ್ನೂ ನೋಡಿದ್ದರು. ಹಾಡನ್ನು ಕೇಳಿದ್ದರು.

"ಬೆಳಿಗ್ಗೆ ನಾನು ನಿಮಗೆ ಏನು ಹೇಳಿದ್ದೆ?"

"ಮೇಲ್ ಮಾತ್ರ ಬರಲಿ, ಬೇರೆ ಏನೂ ಬರಬಾರದು ಅಂತ ಮೇಡಂ."

"ಈಗ?"

"ಈಗ... ಮೇಲ್ ಮಾತ್ರ ಬರ್ತಿಲ್ಲ ಮೇಡಂ."

ಮೇಡಂ ಹಿಂದೆ ಅಕ್ಕ, ಹುಡುಗಿ, ಅಣ್ಣ ಮೂವರೂ ಬಂದು ಕತ್ತು ಚಾಚಿ ನಿಂತರು. ಇದು ಹೇಗಾಯಿತು ಎಂದು ಮೇಡಂ ಕೇಳಿದರು. ಅವನು ಬಾಯಿ ತೆರೆದ. ನಾಯಿ ನಾಲಿಗೆಯ ತುದಿಯವರೆಗೆ ಬಂದಿತ್ತು. ಮೇಡಂ ಕಣ್ಣುಗಳು ಒಂದು ಕ್ಷಣ, ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಮಗುವಿನ ಕಣ್ಣುಗಳಂತಾದವು. ಅವನು ನಾಯಿಯನ್ನು ನುಂಗಿಕೊಂಡ.

"ನನ್ನ ಕೈತಪ್ಪು ಮೇಡಂ. ಬೇಕು ಅಂತ ಮಾಡಿದ್ದಲ್ಲ. ಒಂದು ಖಾನೆ ತುಂಬೋಕೆ ಮರೆತೆ, ಎಲ್ಲಾ ತೆರೆದುಕೊಂಡುಬಿಡ್ತು."

ಮೇಡಂ ಮುಖ ಸಡಿಲವಾಯಿತು. ಅವನು ಯಾವ ಖಾನೆಯ ಮಾತಾಡುತ್ತಿದ್ದಾನೆ, ಏನನ್ನು ಬಾಯಿ ಬಿಡದೆ ಉಳಿಸಿಕೊಂಡ ಎಂಬುದು ಅವರಿಗೆ ತಿಳಿಯಿತು.

"ಆಯ್ತು, ಕೈತಪ್ಪು ಯಾರಿಗಾದರೂ ಆಗುತ್ತೆ," ಎಂದರು, ಬಹಳ ಮೃದುವಾಗಿ. "ನಿಮ್ಮ ಹೆಸರು ಬರೆದು ಕಳಿಸಿದೆ, ಅದು ಹೋಗದೆ ನನ್ನ ಕಂಪ್ಯೂಟರಲ್ಲೇ ಕೂತಿದೆ. ಹೆಡ್ಡಾಫೀಸು ಬಾಗಿಲು ಹಾಕೋ ಹೊತ್ತಾಯ್ತು. ಮೊದಲು ಮೇಲ್ ಬಿಡಿ, ಮಿಕ್ಕಿದ್ದು ಆಮೇಲೆ. ನಾನಿಲ್ಲೇ ನಿಂತಿರ್ತೀನಿ."

ಮೇಲ್ ಬಿಟ್ಟರೆ ಅವನ ಹೆಸರು ಹೋಗುತ್ತದೆ, ಗುಲಾಬಿಯೂ ಹೋಗುತ್ತದೆ. ಬಿಡದಿದ್ದರೆ ಎರಡೂ ಇಲ್ಲ. ಅವನು ಮೇಡಂ ಭುಜದ ಆಚೆಗೆ ಪಾಲಿಶ್ ಅಣ್ಣನನ್ನು ನೋಡಿ ಕಣ್ಣು ಅಗಲಿಸಿದ. ಹುಬ್ಬು ಹಾರಿಸಿದ. ಹೋಗಿ, ಅಳಿಸಿ, ಬೇಗ ಎಂದು ಮುಖದ ಒಂದೊಂದು ನರದಲ್ಲೂ ಹೇಳಿದ. ಅಣ್ಣನಿಗೆ ಎಲ್ಲವೂ ಅರ್ಥವಾದಂತಾಯಿತು. ಮೇಡಂ ಈಗ ಇಷ್ಟು ಮೃದುವಾಗಿದ್ದಾರೆ, ಇನ್ನೇನು ಭಯ, ಧಾರಾಳವಾಗಿ ಕಳಿಸಿ ಎನ್ನುತ್ತಿದ್ದಾನೆ! ಅವರು ತಲೆಯಾಡಿಸಿ, ಆ ವಯಸ್ಸಿಗೆ ಮೀರಿದ ವೇಗದಲ್ಲಿ ತಮ್ಮ ಕೋಣೆಗೆ ಹೋದರು.

ಉಗ್ರಾಣದವನು ಸಾಧ್ಯವಾದಷ್ಟು ನಿಧಾನ ಮಾಡಿದ. ತಪ್ಪು ಸಾಲು ತೆರೆದ. ಕನ್ನಡಕ ಹಾಕುವವನಲ್ಲದಿದ್ದರೂ ಕನ್ನಡಕ ಹುಡುಕಿದ. ಅಣ್ಣ ಬಾಗಿಲಲ್ಲಿ ಮತ್ತೆ ಕಾಣಿಸಿಕೊಂಡು, ಆಯಿತು ಎಂದು ಹೆಬ್ಬೆರಳೆತ್ತಿ ತೋರಿಸಿದರು. ದೇವರು ದೊಡ್ಡವನು ಎಂದುಕೊಂಡು ಅವನು ಮೇಲನ್ನು ಬಿಟ್ಟ.

ಹಸಿರು ದೀಪಗಳು ಪಟಪಟನೆ ಮಿನುಗಿದವು. ಹುಡುಗಿಯ ಕಂಪ್ಯೂಟರ್ ಟಿಣ್ ಎಂದಿತು. ಮತ್ತೆ ಟಿಣ್ ಎಂದಿತು. ಅಕ್ಕನದೂ ಎರಡು ಸಲ. ಮೇಡಂ ಕೋಣೆಯಿಂದಲೂ ಎರಡು ಸಲ ಕೇಳಿಸಿತು.

"ಮೊದಲನೇದು ಎಲ್ಲಾದರೂ ಸಿಕ್ಕಿಹಾಕ್ಕೊಂಡರೆ ಅಂತ, ಇನ್ನೊಂದ್ಸಲ ಒತ್ತಿ ಬಂದೆ," ಎಂದು ಪಾಲಿಶ್ ಅಣ್ಣ ಅವನ ಕಿವಿಯಲ್ಲಿ ಹೇಳಿದರು.

ಮೇಡಂ, ಹೆಸರು ಹೋಯಿತೇ ನೋಡುತ್ತೇನೆ ಎಂದು ಕೋಣೆಗೆ ಹೋದರು. ಅವರು ಕೂತದ್ದು, ಹೆಡ್ಡಾಫೀಸಿಗೆ ಹೋಗಿದೆ ಎಂದು ತಲೆಯಾಡಿಸಿದ್ದು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಾಗಿದ್ದು, ಎಲ್ಲ ಅವರ ಹಿಂದೆ ಬಂದು ನಿಂತವರಿಗೆ ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಅವರು ಬಹಳ ಹೊತ್ತು ಓದಿದರು. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು.

"'ಪ್ರೀತಿಯ ಇಂಜಿನಿಯರ್ ಅವರಿಗೆ. ಬೆಳಿಗ್ಗೆ ನಾವು ಕೇಳಿದಾಗ ಆಗಲ್ಲ ಅಂದಿರಿ. ಆಗಲೇ ನಿಮ್ಮ ಕಣ್ಣಲ್ಲಿ ನೀರು ನೋಡಿದ್ದೆವು. ಮಧ್ಯಾಹ್ನ ಮೇಡಂ ಅವರಿಗೆ ತಿಳಿಯದ ಹಾಗೆ ನಮಗೆಲ್ಲ ಬಾಗಿಲು ತೆರೆದುಕೊಟ್ಟಿರಿ. ನಿಮ್ಮ ಈ ಉಪಕಾರ ಮರೆಯುವುದಿಲ್ಲ. ಅವರು ಏನಾದರೂ ಕೇಳಿದರೆ, ಕೈತಪ್ಪಾಯಿತು, ಬೇಕೆಂದು ಮಾಡಿದ್ದಲ್ಲ ಎಂದು ಹೇಳಿಬಿಡಿ. ಅವರು ಮೇಲೆ ಗಟ್ಟಿ, ಒಳಗೆ ಮೆತ್ತಗೆ. ನಂಬಿಬಿಡುತ್ತಾರೆ.'"

ಪಾಲಿಶ್ ಅಣ್ಣ ತಮ್ಮ ಅಕ್ಷರ ಒಂದೂ ತಪ್ಪಿಲ್ಲವಲ್ಲ ಎಂದು ಮೊದಲು ಹೆಮ್ಮೆಪಟ್ಟರು. ಆಮೇಲೆ ಅವರ ಮುಖವೂ ಬಿಳಚಿಕೊಂಡಿತು.

"ಒಂದು ಸಣ್ಣ ದಾರಿ ಬಿಡಿ ಅಂದರೆ, ಅದನ್ನೇ ನೆಪ ಮಾಡ್ಕೊಂಡು ಊರಿಗೆಲ್ಲ ಬಿಟ್ಟಿರಾ," ಎಂದು ಮೇಡಂ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು. ಆ ಮಾತು ಅವನೊಬ್ಬನಿಗೇ ಅರ್ಥವಾಯಿತು. ಅದಕ್ಕೆ ಉತ್ತರ ಕೊಡಬೇಕಾದರೆ ನಾಯಿಯನ್ನು ಕರೆಯಬೇಕಿತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹುಡುಗಿ ಎತ್ತಿ, ಕೇಳಿ, ರಿಸೀವರನ್ನು ಎದೆಗೊತ್ತಿಕೊಂಡಳು. "ನಿಮ್ಮ ಅತ್ತೆ. ಎಲ್ಲರೂ ಬಂದು ಕೂತಿದಾರಂತೆ. ಹಾರ ತರಿಸಲಾ ಅಂತ ಕೇಳ್ತಿದಾರೆ. ಏನು ಹೇಳಲಿ?"

ಮೇಡಂ ತಮ್ಮ ಕುರ್ಚಿಗೆ ಹಿಂದಿರುಗಿ ಕೂತು, ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇಂಜಿನಿಯರ್ರೇ, ನಿಮ್ಮ ಹೆಸರಿದ್ದ ಮೇಲ್ ಹೋಗಿಬಿಟ್ಟಿದೆ. ಅದನ್ನ ಪರಿಗಣಿಸಬೇಡಿ, ಇವರು ಸದ್ಯಕ್ಕೆ ಈಗಿರೋ ಹಾಗೇ ಇರಲಿ ಅಂತ ಇನ್ನೊಂದು ಬರೀತಾ ಇದೀನಿ. ಹೆಡ್ಡಾಫೀಸು ಇನ್ನೂ ತೆರೆದಿದೆ. ಇದು ಹೋಗುತ್ತಾ, ಇಲ್ಲ ಇದೂ ಎಲ್ಲಾದರೂ ನಿಂತುಬಿಡುತ್ತಾ?"

ಅವನು ಉಗ್ರಾಣದ ತೆರೆದ ಬಾಗಿಲಿನಿಂದ ಕಾಣುತ್ತಿದ್ದ ಕಪ್ಪು ಡಬ್ಬಿಯತ್ತ ನೋಡಿದ. ಹಸಿರು ದೀಪಗಳು ಒಂದೂ ತಪ್ಪದೆ ಉರಿಯುತ್ತಿದ್ದವು. ಬೆಳಗಿನಿಂದ ಪಟ್ಟ ಪಾಡೆಲ್ಲ ಕಣ್ಣ ಮುಂದೆ ಬಂತು. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ಮೇಲ್ ಮಾತ್ರ ಖಂಡಿತ ಹೋಗುತ್ತೆ ಮೇಡಂ," ಎಂದ.